ಇಳಿಜಾರಿನಲ್ಲಿ ಕೈಕೊಡುವ ಬ್ರೇಕ್: ಬಿಸಿಯಿಂದ ಬರುವ ದೋಷವನ್ನು ಪತ್ತೆ ಹಚ್ಚುವ ಬಗೆ

ಕಾರಿನ ಬ್ರೇಕ್ ದೋಷಗಳಲ್ಲಿ ಇದೊಂದಕ್ಕೆ ಮಾತ್ರ ಒಂದು ಕೆಟ್ಟ ಗುಣವಿದೆ. ಗ್ಯಾರೇಜ್ ತಲುಪುವಷ್ಟರಲ್ಲಿ ಅದು ಮಾಯವಾಗಿರುತ್ತದೆ. ಘಾಟಿ ಇಳಿಯುವಾಗ ಎದೆ ನಡುಗಿಸಿದ ಕಾರು ಒಂದು ಗಂಟೆ ನೆರಳಿನಲ್ಲಿ ನಿಂತರೆ ಸಾಕು, ಏನೂ ಆಗಿಲ್ಲವೆಂಬಂತೆ ಸಾಧುವಾಗುತ್ತದೆ. ಮೆಕ್ಯಾನಿಕ್ ಒಂದು ಸುತ್ತು ಓಡಿಸಿ, ಎರಡು ಬಾರಿ ಬ್ರೇಕ್ ಒತ್ತಿ, "ಚೆನ್ನಾಗಿಯೇ ಹಿಡಿಯುತ್ತಿದೆಯಲ್ಲ ಸರ್" ಎನ್ನುತ್ತಾರೆ. ಅವರು ಹೇಳುವುದು ನಿಜ. ತಣ್ಣಗಿರುವ ಬ್ರೇಕ್ ಚೆನ್ನಾಗಿಯೇ ಹಿಡಿಯುತ್ತದೆ.

ಆದ್ದರಿಂದ ಈ ದೋಷಕ್ಕೆ ಮುಖ್ಯ ಸಾಕ್ಷಿ ಚಾಲಕನ ಬಲಗಾಲು. ಬ್ರೇಕ್ ಸೋತ ಆ ಹೊತ್ತಿನಲ್ಲಿ ಪೆಡಲ್ ಹೇಗಿತ್ತು ಎಂಬುದನ್ನು ನೆನಪಿಟ್ಟುಕೊಂಡು ಹೇಳಬಲ್ಲವರಿಗೆ ಅರ್ಧ ಪತ್ತೇದಾರಿ ಅಲ್ಲೇ ಮುಗಿಯುತ್ತದೆ. ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಎರಡೇ. ಪೆಡಲ್ ಎಂದಿನಂತೆ ಗಟ್ಟಿಯಾಗಿದ್ದೂ ಕಾರು ನಿಲ್ಲಲಿಲ್ಲವೇ, ಅಥವಾ ಪೆಡಲ್ಲೇ ಮೆತ್ತಗಾಗಿ ಒಳಗೆ ಹೋಯಿತೇ? ತಣ್ಣಗಿರುವಾಗಲೂ ಹೀಗೆಯೇ ಆಗುತ್ತದೆಯೇ, ಬಿಸಿಯಾದಾಗ ಮಾತ್ರವೇ?

ಎರಡನೆಯ ಪ್ರಶ್ನೆಗೆ "ತಣ್ಣಗಿರುವಾಗಲೂ" ಎಂಬ ಉತ್ತರ ಬಂದರೆ ನೀವು ಹುಡುಕುತ್ತಿರುವುದು ಬ್ರೇಕ್ ಫೇಡ್ (ಬಿಸಿಯಿಂದ ಬ್ರೇಕ್ ಸೋಲುವುದು) ಅಲ್ಲ, ಬೇರೆ ದೋಷ. ಅದಕ್ಕೆ ಮುಂದೆ ಬರುತ್ತೇನೆ.

ಇಷ್ಟು ಬಿಸಿ ಎಲ್ಲಿಂದ ಬರುತ್ತದೆ

ಬ್ರೇಕ್ ಕಾರಿನ ವೇಗವನ್ನು ಎಲ್ಲಿಗೂ ಓಡಿಸಿಬಿಡುವುದಿಲ್ಲ, ಶಾಖವಾಗಿ ಬದಲಿಸುತ್ತದೆ. 1500 ಕಿಲೋ ತೂಕದ ಕಾರು ಗಂಟೆಗೆ 100 ಕಿ.ಮೀ. ವೇಗದಿಂದ ಪೂರ್ತಿ ನಿಂತರೆ ಸುಮಾರು 5.8 ಲಕ್ಷ ಜೂಲ್ ಶಕ್ತಿ ಬಿಸಿಯಾಗಿ ಹೊರಬರುತ್ತದೆ. ಒಂದೂಮುಕ್ಕಾಲು ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಅಷ್ಟು ಸಾಕು. ಅದರ ಬಹುಪಾಲು ಮುಂದಿನ ಚಕ್ರಗಳ ಜೊತೆ ತಿರುಗುವ ಕಬ್ಬಿಣದ ತಟ್ಟೆಗಳಾದ ಎರಡು ಡಿಸ್ಕ್‌ಗಳ ಪಾಲಿಗೆ ಬರುತ್ತದೆ. ಒಂದೊಂದು ಡಿಸ್ಕ್ ಆರು ಕಿಲೋ ಎಂದುಕೊಂಡರೆ, ಇಂಥ ಒಂದೇ ನಿಲುಗಡೆಗೆ ಅವುಗಳ ಬಿಸಿ 60–70 ಡಿಗ್ರಿಯಷ್ಟು ಏರುತ್ತದೆ. ಒಮ್ಮೆ ನಿಂತರೆ ಏನೂ ಆಗದು. ಆರುವುದಕ್ಕೆ ಸಮಯ ಕೊಡದೆ ಹತ್ತು ಬಾರಿ ನಿಲ್ಲಿಸಿದರೆ ಎಲ್ಲಿಗೆ ಮುಟ್ಟುತ್ತದೆಂದು ನೀವೇ ಲೆಕ್ಕ ಹಾಕಿ.

ಇಳಿಜಾರಿನದು ಬೇರೆಯೇ ಕಥೆ. ಅದೇ ಕಾರು 500 ಮೀಟರ್ ಎತ್ತರದಿಂದ ಕೆಳಗಿಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 73 ಲಕ್ಷ ಜೂಲ್. ಅಂದರೆ 100 ಕಿ.ಮೀ. ವೇಗದಿಂದ ಹನ್ನೆರಡು ಹದಿಮೂರು ಬಾರಿ ನಿಂತಷ್ಟು. ಕಾರು ಆಗ 40–50ರ ವೇಗದಲ್ಲಿ ನಿಧಾನವಾಗಿಯೇ ಹೋಗುತ್ತಿರುತ್ತದೆ. ಚಾಲಕನಿಗೆ ತಾನು ಬ್ರೇಕಿಗೆ ಹಿಂಸೆ ಕೊಡುತ್ತಿದ್ದೇನೆ ಎಂಬ ಅನುಮಾನವೂ ಬರುವುದಿಲ್ಲ. ಬ್ರೇಕ್ ಸೋಲುವುದು ವೇಗವಾಗಿ ಓಡಿಸುವವರಿಗೆ ಮಾತ್ರ ಎಂಬ ನಂಬಿಕೆ ಸುಳ್ಳಾಗುವುದು ಇಲ್ಲಿಯೇ.

ಪೆಡಲ್ ಗಟ್ಟಿ, ಕಾರು ಮಾತ್ರ ನಿಲ್ಲದು

ಪೆಡಲ್ ಎಂದಿನ ಜಾಗದಲ್ಲೇ ಗಟ್ಟಿಯಾಗಿ ಸಿಕ್ಕಿತು, ಒತ್ತಿದಷ್ಟೂ ಒತ್ತಿದಿರಿ, ಆದರೆ ಹಿಡಿತವೇ ಇಲ್ಲ. ಮರದ ಹಲಗೆಯ ಮೇಲೆ ಕಾಲಿಟ್ಟ ಅನುಭವ. ಇದು ಪ್ಯಾಡ್ ಸೋತದ್ದರ ಗುರುತು. ಬ್ರೇಕ್ ಪ್ಯಾಡ್ ಎಂದರೆ ನಾರು, ಲೋಹದ ಪುಡಿ, ಗ್ರಾಫೈಟ್ ಮುಂತಾದವನ್ನು ರಾಳದಿಂದ ಬಂಧಿಸಿದ ಒಂದು ಅಚ್ಚು. ಮಿತಿ ಮೀರಿ ಕಾದರೆ ಆ ರಾಳವೇ ವಿಘಟನೆಯಾಗತೊಡಗಿ ಅನಿಲ ಬಿಡುತ್ತದೆ, ಉಜ್ಜುವ ಮೇಲ್ಮೈ ತನ್ನ ಗುಣ ಕಳೆದುಕೊಳ್ಳುತ್ತದೆ. ಕಾಲಿನ ಬಲವನ್ನು ಒಯ್ಯುವ ಬ್ರೇಕ್ ಆಯಿಲಿನ ಒತ್ತಡ ಸರಿಯಾಗಿಯೇ ತಲುಪುತ್ತಿರುತ್ತದೆ, ಆದರೆ ಪ್ಯಾಡ್ ಡಿಸ್ಕನ್ನು ಕಚ್ಚುವುದಿಲ್ಲ.

ಜೊತೆಗೆ ಸುಟ್ಟ ವಾಸನೆ ಇದ್ದೇ ಇರುತ್ತದೆ. ಕ್ಲಚ್ ಸುಟ್ಟ ವಾಸನೆಗೂ ಇದಕ್ಕೂ ಬಹಳ ವ್ಯತ್ಯಾಸವಿಲ್ಲದ ಕಾರಣ ಅನೇಕರು ಮುಂದಿನ ವಾಹನದ್ದೆಂದು ಸುಮ್ಮನಿರುತ್ತಾರೆ. ಇಳಿಜಾರಿನಲ್ಲಿ ಆ ವಾಸನೆ ಬಂದರೆ ಮೊದಲು ನಿಮ್ಮದೇ ಚಕ್ರಗಳ ಮೇಲೆ ಅನುಮಾನ ಪಡಿ.

ಹೊಸ ಪ್ಯಾಡ್ ಹಾಕಿಸಿದ ಮರುವಾರವೇ ಹೀಗಾದರೆ ಗಾಬರಿಯಾಗಿ ಕಂಪನಿಯನ್ನು ಬೈಯುವ ಮೊದಲು ಒಂದು ವಿಷಯ ತಿಳಿದಿರಲಿ. ಹೊಸ ಪ್ಯಾಡ್ ಮೊದಲ ಸಲ ಚೆನ್ನಾಗಿ ಕಾದಾಗ ಒಳಗೆ ಉಳಿದ ಅನಿಲ ಹೊರಬಂದು ತಾತ್ಕಾಲಿಕವಾಗಿ ಜಾರುವುದುಂಟು. ಪ್ಯಾಡನ್ನು ಡಿಸ್ಕ್‌ಗೆ ಪಳಗಿಸದೆ ನೇರವಾಗಿ ಘಾಟಿಗೆ ಒಯ್ದರೆ ಇದು ಬರುತ್ತದೆ. ಪಳಗಿಸುವುದು ಕಷ್ಟವಲ್ಲ. ಖಾಲಿ ರಸ್ತೆಯಲ್ಲಿ 60ರಿಂದ 15 ಕಿ.ಮೀ.ಗೆ ಮಧ್ಯಮ ಒತ್ತಡದಲ್ಲಿ ಇಳಿಸಿ, ಪೂರ್ತಿ ನಿಲ್ಲಿಸದೆ, ನಡುವೆ ಗಾಳಿಯಾಡಲು ಬಿಟ್ಟು, ಹತ್ತು ಬಾರಿ ಮಾಡಿ. ಕೊನೆಯಲ್ಲಿ ಬ್ರೇಕ್ ಮುಟ್ಟದೆ ಕೆಲವು ಕಿಲೋಮೀಟರ್ ಓಡಿಸಿ ಆರಿಸಿ. ಪ್ಯಾಡ್ ಡಬ್ಬಿಯ ಮೇಲೆ ಬೇರೆ ಕ್ರಮ ಬರೆದಿದ್ದರೆ ಅದನ್ನೇ ಅನುಸರಿಸಿ.

ಪೆಡಲ್ ಮೆತ್ತಗಾಗಿ ಒಳಗೆ ಹೋಯಿತು

ಇದು ಹೆಚ್ಚು ಅಪಾಯದ್ದು, ಏಕೆಂದರೆ ಮುನ್ಸೂಚನೆ ಕಡಿಮೆ. ಡಿಸ್ಕಿನ ಬಿಸಿ ಪ್ಯಾಡಿಗೆ, ಪ್ಯಾಡಿನ ಹಿಂಬದಿಯ ತಗಡಿಗೆ, ಅಲ್ಲಿಂದ ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಪಿಸ್ಟನ್ನಿಗೆ, ಪಿಸ್ಟನ್ನಿನಿಂದ ಬ್ರೇಕ್ ಆಯಿಲಿಗೆ ಹರಿಯುತ್ತದೆ. ಆಯಿಲ್ ಕುದಿಯಿತೆಂದರೆ ಒಳಗೆ ಆವಿಯ ಗುಳ್ಳೆಗಳು ಏಳುತ್ತವೆ. ದ್ರವವನ್ನು ಒತ್ತಿದರೆ ಕುಗ್ಗದು, ಗುಳ್ಳೆ ಕುಗ್ಗುತ್ತದೆ. ನಿಮ್ಮ ಕಾಲಿನ ಬಲವೆಲ್ಲ ಗುಳ್ಳೆಗಳನ್ನು ಹಿಂಡುವುದಕ್ಕೇ ಖರ್ಚಾಗಿ, ಪೆಡಲ್ ನೆಲ ಮುಟ್ಟುತ್ತದೆ.

ನನಗೆ ಇದು ಅರ್ಥವಾದದ್ದು ಪುಸ್ತಕದಿಂದಲ್ಲ. ಮನೆ ಮಂದಿಯೆಲ್ಲ ತುಂಬಿದ್ದ ಕಾರಿನಲ್ಲಿ ಉದ್ದದ ಇಳಿಜಾರನ್ನು ನಾಲ್ಕನೇ ಗೇರಿನಲ್ಲಿ, ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇಳಿದೆ. ಪೆಡಲ್ ಚೆನ್ನಾಗಿಯೇ ಇತ್ತು. ನಡುವೆ ಒಂದು ಕಡೆ ಹತ್ತು ನಿಮಿಷ ನಿಲ್ಲಿಸಿದೆವು. ಹೊರಟು ಮೊದಲ ತಿರುವಿಗೆ ಬ್ರೇಕ್ ಒತ್ತಿದರೆ ಪೆಡಲ್ ಬೆಣ್ಣೆಗೆ ಕಾಲಿಟ್ಟಂತೆ ಕೆಳಗೆ ಹೋಯಿತು. ಎರಡನೇ ಗೇರಿಗೆ ತಂದು, ಹ್ಯಾಂಡ್ ಬ್ರೇಕ್ ಎಳೆದು, ಗುಡ್ಡದ ಬದಿಯ ಮಣ್ಣಿಗೆ ಹತ್ತಿಸಿ ನಿಲ್ಲಿಸಿದೆ. ಓಡುತ್ತಿದ್ದಾಗ ಸರಿಯಿದ್ದ ಬ್ರೇಕ್ ವಿಶ್ರಾಂತಿಯ ನಂತರ ಹೇಗೆ ಸೋತಿತು ಎಂಬುದು ಬಹಳ ದಿನ ಒಗಟಾಗಿತ್ತು. ಕಾರಣ ಸರಳ. ಓಡುವಾಗ ಗಾಳಿ ಬೀಸಿ ಡಿಸ್ಕನ್ನು ತಣಿಸುತ್ತಿರುತ್ತದೆ. ನಿಂತೊಡನೆ ಗಾಳಿ ನಿಲ್ಲುತ್ತದೆ, ಡಿಸ್ಕಿನಲ್ಲಿ ತುಂಬಿದ ಬಿಸಿ ನಿಧಾನವಾಗಿ ಒಳಗೆ ಇಳಿದು, ನಿಂತ ಕಾರಿನಲ್ಲಿಯೇ ಆಯಿಲ್ ಕುದಿಯುತ್ತದೆ. ಹಾಗಾಗಿ ಇಳಿಜಾರಿನ ನಡುವೆ ನಿಂತು ಹೊರಡುವಾಗ, ಕಾರು ಕದಲುವ ಮೊದಲೇ ಪೆಡಲನ್ನು ಎರಡು ಸಲ ಒತ್ತಿ ನೋಡುವುದು ನನ್ನ ಅಭ್ಯಾಸವಾಗಿದೆ.

ಆಗ ಒಂದು ಗ್ಯಾರೇಜಿನಲ್ಲಿ ಪ್ಯಾಡ್ ಬದಲಿಸಿ ಕಳುಹಿಸಿದರು. ಹಳೆಯ ಪ್ಯಾಡಿನಲ್ಲಿ ಏನೂ ದೋಷವಿರಲಿಲ್ಲ. ಐದು ವರ್ಷದಿಂದ ಬದಲಿಸದ ಬ್ರೇಕ್ ಆಯಿಲನ್ನು ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ, ಏಕೆಂದರೆ "ಬ್ರೇಕ್ ಹಿಡಿಯಲಿಲ್ಲ" ಎಂದಷ್ಟೇ ಹೇಳಿದ್ದೆ. ಪೆಡಲ್ ಒಳಗೆ ಹೋಯಿತು ಎಂಬ ಮಾತನ್ನು ಸೇರಿಸಿದ್ದರೆ ದಾರಿ ಬೇರೆಯಾಗುತ್ತಿತ್ತು.

ಸಾಮಾನ್ಯ ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಮುಚ್ಚಿದ ವ್ಯವಸ್ಥೆಯೇ ಆದರೂ ರಬ್ಬರ್ ಹೋಸ್‌ಗಳ ಮೂಲಕ ನೀರಿನಂಶ ನುಸುಳುತ್ತದೆ. ಡಾಟ್ 3 ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ಅದರಲ್ಲಿ 3.7 ಶೇಕಡಾ ನೀರು ಸೇರಿದಾಗ ಈ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಇದೇ ಅಂಕಿಗಳು 230 ಮತ್ತು 155, ಡಾಟ್ 5.1ಕ್ಕೆ 260 ಮತ್ತು 180. ಕೊಳ್ಳುವಾಗ ಎಲ್ಲರೂ ಮೊದಲ ಅಂಕಿಯನ್ನು ನೋಡುತ್ತಾರೆ. ನಿಮ್ಮ ಕಾರಿನಲ್ಲಿ ಎರಡು ಮೂರು ವರ್ಷದ ಮೇಲೆ ಉಳಿಯುವುದು ಎರಡನೆಯದರ ಹತ್ತಿರದ್ದು.

ಡಾಟ್ 5 ಮತ್ತು ಡಾಟ್ 5.1 ಹೆಸರಿನಲ್ಲಿ ಅಣ್ಣತಮ್ಮಂದಿರಂತೆ ಕಂಡರೂ ಅವುಗಳ ನಡುವೆ ಸಂಬಂಧವಿಲ್ಲ. ಡಾಟ್ 5 ಸಿಲಿಕೋನ್ ಆಯಿಲ್. ಉಳಿದವುಗಳ ಜೊತೆ ಅದನ್ನು ಬೆರೆಸಲೇಬಾರದು. ಎಂಜಿನ್ ಆಯಿಲ್ ಆಗಲಿ ಇತರ ಖನಿಜ ತೈಲವಾಗಲಿ ಒಂದು ಹನಿ ಬಿದ್ದರೂ ರಬ್ಬರ್ ಸೀಲುಗಳು ಉಬ್ಬಿ ಹಾಳಾಗುತ್ತವೆ.

ಹಿಂದಿನ ಡ್ರಮ್‌ಗಳು

ಡ್ರಮ್ ಬ್ರೇಕಿನಲ್ಲಿ, ಅಂದರೆ ತಿರುಗುವ ಡಬ್ಬಿಯಂಥ ಡ್ರಮ್ಮಿನ ಒಳಗೋಡೆಗೆ ಶೂ ಎಂಬ ತುಣುಕುಗಳು ಒತ್ತಿ ಹಿಡಿಯುವ ಬ್ರೇಕಿನಲ್ಲಿ, ಇನ್ನೊಂದು ತೊಡಕಿದೆ. ಡ್ರಮ್ ಕಾದಾಗ ಹಿಗ್ಗಿ, ಒಳಗಿರುವ ಶೂಗಳಿಂದ ದೂರ ಸರಿಯುತ್ತದೆ. ಪೆಡಲ್ ಹೆಚ್ಚು ದೂರ ಹೋಗುತ್ತದೆ, ಆದರೆ ಸ್ಪಂಜಿನಂತೆ ಮೆತ್ತಗಿರುವುದಿಲ್ಲ. ಜೊತೆಗೆ ಬಿಸಿ ಒಳಗೇ ಸಿಕ್ಕಿಬಿದ್ದು ಹೊರಹೋಗಲು ದಾರಿಯಿರುವುದಿಲ್ಲ. 1953ರ ಲೆ ಮಾನ್ಸ್ 24 ಗಂಟೆಗಳ ಓಟದಲ್ಲಿ ಜಾಗ್ವಾರ್ ಸಿ-ಟೈಪ್ ಕಾರುಗಳು ಡಿಸ್ಕ್ ಬ್ರೇಕ್ ಹಾಕಿಕೊಂಡು ಬಂದು ಗೆದ್ದವು. ಡ್ರಮ್‌ಗಳನ್ನು ನೆಚ್ಚಿದ ಎದುರಾಳಿಗಳಿಗಿಂತ ತಡವಾಗಿ, ಮತ್ತೆ ಮತ್ತೆ ಬ್ರೇಕ್ ಹಾಕುವ ಧೈರ್ಯ ಅವುಗಳಿಗಿತ್ತು. ಇಂದಿನ ಸಣ್ಣ ಕಾರುಗಳ ಹಿಂದಿನ ಚಕ್ರಕ್ಕೆ ಬರುವ ಕೆಲಸ ಕಡಿಮೆಯಾದ್ದರಿಂದ ಡ್ರಮ್ ಸಾಕಾಗುತ್ತದೆ. ತುಂಬಿದ ಡಿಕ್ಕಿ, ತುಂಬಿದ ಸೀಟುಗಳಿದ್ದಾಗ ಮಾತ್ರ ಆ ಲೆಕ್ಕ ಬದಲಾಗುತ್ತದೆ.

ವೇಷ ಹಾಕಿ ಬರುವ ಬೇರೆ ದೋಷಗಳು

ಕಾಲಿನ ಬಲವನ್ನು ಹೆಚ್ಚಿಸಿಕೊಡುವ ಬೂಸ್ಟರ್ ಕೆಟ್ಟರೆ ಪೆಡಲ್ ಕಲ್ಲಿನಂತೆ ಆಗುತ್ತದೆ, ಆದರೆ ತಣ್ಣಗಿರುವಾಗಲೂ ಹಾಗೆಯೇ. ಪರೀಕ್ಷೆ ಸುಲಭ. ಎಂಜಿನ್ ಆರಿಸಿ ಪೆಡಲನ್ನು ಐದಾರು ಬಾರಿ ಒತ್ತಿ ಬಿಡಿ. ನಂತರ ಒತ್ತಿ ಹಿಡಿದುಕೊಂಡೇ ಎಂಜಿನ್ ಚಾಲೂ ಮಾಡಿ. ಪೆಡಲ್ ಕಾಲಿನಡಿ ಸ್ವಲ್ಪ ಕುಸಿಯಬೇಕು. ಕುಸಿಯದಿದ್ದರೆ ಬೂಸ್ಟರ್, ಅದರ ನಿರ್ವಾತ ಪೈಪ್ ಅಥವಾ ವಾಲ್ವ್ ನೋಡಿಸಿ.

ಸಿಗ್ನಲ್‌ನಲ್ಲಿ ನಿಂತು ಪೆಡಲನ್ನು ಒಂದೇ ಬಲದಲ್ಲಿ ಒತ್ತಿ ಹಿಡಿದಾಗ ಅದು ಮೆಲ್ಲನೆ ಇಳಿಯುತ್ತಾ ಹೋದರೆ ಪೆಡಲಿನ ಬಲದಿಂದ ಆಯಿಲನ್ನು ಒತ್ತುವ ಮಾಸ್ಟರ್ ಸಿಲಿಂಡರಿನ ಒಳಸೀಲು ಸವೆದಿರಬಹುದು, ಅಥವಾ ಎಲ್ಲೋ ಸೋರುತ್ತಿದೆ. ಯಾವಾಗಲೂ ಮೆತ್ತಗಿದ್ದು, ಎರಡು ಮೂರು ಬಾರಿ ಒತ್ತಿದರೆ ಗಟ್ಟಿಯಾಗುವ ಪೆಡಲ್, ಆಯಿಲ್ ಪೈಪಿನಲ್ಲಿ ಗಾಳಿ ಸೇರಿದ್ದನ್ನು ಹೇಳುತ್ತದೆ. ಗುಂಡಿ ಬಿದ್ದ ರಸ್ತೆ ಅಥವಾ ಜೋರಾದ ತಿರುವಿನ ನಂತರ ಮೊದಲ ಒತ್ತು ಮಾತ್ರ ಆಳಕ್ಕೆ ಹೋಗಿ ಎರಡನೆಯದು ಸರಿಯಾದರೆ ವೀಲ್ ಬೇರಿಂಗ್ ಅಲುಗಾಡುತ್ತಿದೆಯೇ ನೋಡಿ. ಅಲುಗುವ ಡಿಸ್ಕ್ ಪ್ಯಾಡ್‌ಗಳನ್ನು ಹಿಂದಕ್ಕೆ ತಳ್ಳಿಬಿಡುತ್ತದೆ.

ಒಂದೇ ಚಕ್ರ ಕಾಯುತ್ತಿದ್ದರೆ

ಚಾಲಕನ ತಪ್ಪಿಲ್ಲದೆಯೂ ಬ್ರೇಕ್ ಸೋಲುವ ದಾರಿ ಇದು. ಒಂದು ಚಕ್ರದ ಬ್ರೇಕ್ ಬಿಟ್ಟುಕೊಳ್ಳದೆ ಸದಾ ಉಜ್ಜುತ್ತಿರುತ್ತದೆ. ಇಂಧನ ಹೆಚ್ಚು ಹೋಗುತ್ತದೆ, ಕಾರು ಒಂದು ಬದಿಗೆ ಎಳೆಯುತ್ತದೆ, ಚಕ್ರದ ಮೇಲೆ ಕಪ್ಪು ಪುಡಿ ಹೆಚ್ಚಾಗಿ ಕೂರುತ್ತದೆ.

ಸಮತಟ್ಟಾದ ರಸ್ತೆಯಲ್ಲಿ ಬ್ರೇಕನ್ನು ಸಾಧ್ಯವಾದಷ್ಟು ಮುಟ್ಟದೆ ಹತ್ತು ಹದಿನೈದು ನಿಮಿಷ ಓಡಿಸಿ ಬನ್ನಿ. ಮುಟ್ಟಬೇಡಿ, ಪ್ರತಿ ಚಕ್ರದ ಬಳಿ ಅಂಗೈಯ ಹಿಂಬದಿಯನ್ನು ಸ್ವಲ್ಪ ದೂರದಲ್ಲಿ ಹಿಡಿದು ನೋಡಿ. ಎಡ ಬಲಗಳ ನಡುವಿನ ವ್ಯತ್ಯಾಸ ಕೈಗೇ ತಿಳಿಯುತ್ತದೆ. ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಒಳ್ಳೆಯದು, ಆದರೆ ಹೊಳೆಯುವ ಡಿಸ್ಕಿನ ಮೇಲೆ ಅದು ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಅಂಕಿಯನ್ನು ನಂಬದೆ, ಎರಡೂ ಬದಿಯ ಒಂದೇ ಜಾಗವನ್ನು ಹೋಲಿಸಿ.

ಕಾಯುವ ಚಕ್ರವನ್ನು ಸ್ಟ್ಯಾಂಡಿನ ಮೇಲೆ ಎತ್ತಿ (ಜಾಕ್ ಒಂದನ್ನೇ ನಂಬಿ ಕೆಳಗೆ ಕೈ ಹಾಕಬೇಡಿ) ತಿರುಗಿಸಿ ನೋಡಿ. ಬಿಗಿಯಾಗಿದ್ದರೆ ಕ್ಯಾಲಿಪರಿನ ಬ್ಲೀಡ್ ನಿಪ್ಪಲ್ (ಆಯಿಲ್ ಹೊರಬಿಡುವ ತಿರುಪು) ಸ್ವಲ್ಪ ಸಡಿಲಿಸಿ. ಒಂದು ಚಿಮ್ಮು ಆಯಿಲ್ ಬಂದು ಚಕ್ರ ಸಡಿಲವಾದರೆ ಒಳಗೆ ಒತ್ತಡ ಸಿಕ್ಕಿಬಿದ್ದಿತ್ತು ಎಂದರ್ಥ. ಸಡಿಲವಾಗದಿದ್ದರೆ ಪಿಸ್ಟನ್ ಅಥವಾ ಕ್ಯಾಲಿಪರ್ ಜಾರುವ ಪಿನ್‌ಗಳು ತುಕ್ಕು ಹಿಡಿದು ಜಾಮ್ ಆಗಿವೆ. ಒಳಬದಿಯ ಮತ್ತು ಹೊರಬದಿಯ ಪ್ಯಾಡ್ ಸಮನಾಗಿ ಸವೆಯದಿರುವುದು ಪಿನ್ ಜಾಮ್ ಆದದ್ದರ ಸಾಮಾನ್ಯ ಗುರುತು. ಒತ್ತಡ ಸಿಕ್ಕಿಬಿದ್ದದ್ದಾದರೆ ಮತ್ತೆ ಬ್ರೇಕ್ ಒತ್ತಿ ಬಿಗಿ ಮಾಡಿ, ಈ ಬಾರಿ ರಬ್ಬರ್ ಹೋಸಿಗೆ ಮೊದಲು ಬರುವ ಲೋಹದ ಪೈಪಿನ ನಟ್ ಸಡಿಲಿಸಿ. ಅಲ್ಲಿ ಸಡಿಲಿಸಿದರೂ ಚಕ್ರ ಬಿಡದಿದ್ದರೆ ಹೋಸ್ ಒಳಗಿನಿಂದ ಊದಿಕೊಂಡಿದೆ. ಹೊರಗಿನಿಂದ ಹೊಸದರಂತೆ ಕಾಣುವ ಹೋಸ್ ಒಳಗೆ ಒಂದು ಕಡೆಯ ಬಾಗಿಲಿನಂತೆ ವರ್ತಿಸುವುದು ಬಹಳ ಮೆಕ್ಯಾನಿಕ್‌ಗಳನ್ನು ಅಲೆದಾಡಿಸಿದೆ. ಪರೀಕ್ಷೆಯ ನಂತರ ನಟ್ ಬಿಗಿ ಮಾಡಿ ಗಾಳಿ ತೆಗೆಯದೆ ಕಾರನ್ನು ರಸ್ತೆಗೆ ಇಳಿಸಬಾರದು.

ಒಂದಲ್ಲ, ಹಲವು ಚಕ್ರಗಳು ಒಟ್ಟಿಗೆ ಕಾಯುತ್ತಾ, ಓಡಿದಷ್ಟೂ ಪೆಡಲ್ ಮೇಲೇರಿ ಬಿಗಿಯಾಗುತ್ತಿದ್ದರೆ ನೋಟವನ್ನು ಪೆಡಲಿನ ಕಡೆಗೆ ತಿರುಗಿಸಿ. ಪೆಡಲಿಗೆ ಇರಬೇಕಾದ ಚೂರು ಸಡಿಲ ಇಲ್ಲದಿದ್ದರೆ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಪೂರ್ತಿ ಹಿಂದೆ ಬರುವುದಿಲ್ಲ. ಬಿಸಿಗೆ ಹಿಗ್ಗಿದ ಆಯಿಲಿಗೆ ಬಾನೆಟ್ಟಿನಡಿಯ ತನ್ನ ಡಬ್ಬಿಗೆ ಮರಳಲು ದಾರಿಯಿಲ್ಲದೆ ಬ್ರೇಕ್ ತನ್ನಷ್ಟಕ್ಕೆ ತಾನೇ ಬಿಗಿಯುತ್ತಾ ಹೋಗುತ್ತದೆ. ಬೂಸ್ಟರ್ ಅಥವಾ ಬ್ರೇಕ್ ಲೈಟ್ ಸ್ವಿಚ್ ಬದಲಿಸಿದ ನಂತರ ಇದು ಶುರುವಾಗಿದ್ದರೆ ಹೊಂದಾಣಿಕೆ ತಪ್ಪಿದೆ. ಇಷ್ಟೆಲ್ಲ ಬಿಚ್ಚುವ ಮೊದಲು ಹಿಂದಿನಿಂದ ಬರುವ ಯಾರನ್ನಾದರೂ ನಿಮ್ಮ ಬ್ರೇಕ್ ಲೈಟ್ ಗಮನಿಸಲು ಕೇಳಿ. ಆಟೊಮ್ಯಾಟಿಕ್ ಕಾರಿನಲ್ಲಿ ಎಡಗಾಲನ್ನು ಪೆಡಲಿನ ಮೇಲೆ ವಿಶ್ರಮಿಸುವವರು ನಾವಂದುಕೊಂಡದ್ದಕ್ಕಿಂತ ಹೆಚ್ಚಿದ್ದಾರೆ.

ಚಕ್ರ ಬಿಚ್ಚಿ ನೋಡುವಾಗ

ಡಿಸ್ಕಿನ ಮೇಲೆ ನೀಲಿ ಕಲೆಗಳು, ಕೂದಲೆಳೆಯಂಥ ಬಿರುಕುಗಳು ವಿಪರೀತ ಕಾದದ್ದರ ಸಾಕ್ಷಿ. ಬಿರುಕು ಅಂಚಿನವರೆಗೆ ಹಬ್ಬಿದ್ದರೆ ಡಿಸ್ಕ್ ಬದಲಿಸಲೇಬೇಕು. ಪ್ಯಾಡಿನ ಮೇಲ್ಮೈ ಗಾಜಿನಂತೆ ಹೊಳೆಯುತ್ತಿದ್ದರೆ, ಅಂಚು ಬೂದಿಬಣ್ಣಕ್ಕೆ ತಿರುಗಿ ಉದುರುತ್ತಿದ್ದರೆ, ಅದರ ಆಯುಷ್ಯ ಮುಗಿದಿದೆ. ಉಪ್ಪುಕಾಗದದಲ್ಲಿ ಉಜ್ಜಿ ಮತ್ತೆ ಹಾಕುವ ಪದ್ಧತಿ ಇದೆ. ನಾನು ಅದಕ್ಕೆ ಒಪ್ಪುವುದಿಲ್ಲ, ಸುಟ್ಟದ್ದು ಮೇಲ್ಪದರ ಮಾತ್ರವೇ ಎಂದು ಕಣ್ಣಿಗೆ ತಿಳಿಯುವುದಿಲ್ಲ. ಪ್ಯಾಡ್ 3 ಮಿ.ಮೀ.ಗೆ ಬಂದಿದ್ದರೆ ಸವೆತವೊಂದೇ ಚಿಂತೆಯಲ್ಲ. ತೆಳುವಾದ ಪ್ಯಾಡ್ ಬಿಸಿಯನ್ನು ತಡೆಯದೆ ಪಿಸ್ಟನ್ನಿಗೆ ಬೇಗ ದಾಟಿಸುತ್ತದೆ. ಡಿಸ್ಕಿನ ಕನಿಷ್ಠ ದಪ್ಪವನ್ನು ಸಾಮಾನ್ಯವಾಗಿ ಅದರ ಅಂಚಿನಲ್ಲಿಯೋ ನಡುಭಾಗದಲ್ಲಿಯೋ ಅಚ್ಚು ಹಾಕಿರುತ್ತಾರೆ. ಅದಕ್ಕಿಂತ ತೆಳುವಾದ ಡಿಸ್ಕಿನಲ್ಲಿ ಬಿಸಿ ತುಂಬಿಕೊಳ್ಳಲು ಕಬ್ಬಿಣವೇ ಸಾಲದು. ಬ್ರೇಕಿನ ಪುಡಿಯನ್ನು ಗಾಳಿ ಊದಿ ಹಾರಿಸಬೇಡಿ, ಅದು ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಆಯಿಲಿನ ಬಣ್ಣ ನೋಡಿ ತೀರ್ಪು ಕೊಡುವುದು ಬೇಡ. ಕಪ್ಪಗಿದ್ದರೆ ಹಳೆಯದು ನಿಜ, ಆದರೆ ತಿಳಿಯಾಗಿದ್ದ ಮಾತ್ರಕ್ಕೆ ನೀರು ಸೇರಿಲ್ಲವೆಂದಲ್ಲ. ಕುದಿಯುವ ಬಿಂದುವನ್ನೇ ಅಳೆಯುವ ಉಪಕರಣ ಇದ್ದರೆ ಸರಿ. ಇಲ್ಲದಿದ್ದರೆ ಎರಡು ವರ್ಷಕ್ಕೊಮ್ಮೆ, ಅಥವಾ ಕಾರಿನ ಕೈಪಿಡಿ ಹೇಳಿದಷ್ಟು ಅವಧಿಗೆ, ಕಣ್ಣುಮುಚ್ಚಿ ಬದಲಿಸಿ. ಡಬ್ಬಿಯಲ್ಲಿರುವುದನ್ನು ಮಾತ್ರ ಹೀರಿ ಹೊಸದು ತುಂಬಿದರೆ ಬದಲಿಸಿದಂತಲ್ಲ. ಕುದಿಯುವುದು ಕ್ಯಾಲಿಪರಿನಲ್ಲಿರುವ ಹಳೆಯ ಆಯಿಲ್. ನಾಲ್ಕೂ ನಿಪ್ಪಲ್‌ಗಳಿಂದ ಹೊಸ ಆಯಿಲ್ ಬರುವವರೆಗೆ ಹರಿಸಬೇಕು.

ಇಳಿಯುವ ಕ್ರಮ

ಇಳಿಜಾರು ಶುರುವಾಗುವ ಮೊದಲೇ ಕೆಳಗಿನ ಗೇರಿಗೆ ಬನ್ನಿ, ವೇಗ ಹೆಚ್ಚಾದ ಮೇಲಲ್ಲ. ಹತ್ತಲು ಯಾವ ಗೇರು ಬೇಕಾಗುತ್ತಿತ್ತೋ ಇಳಿಯಲೂ ಅದೇ ಎಂಬ ಹಳೆಯ ಲೆಕ್ಕ ಇಂದಿಗೂ ಕೆಲಸ ಮಾಡುತ್ತದೆ. ಆಟೊಮ್ಯಾಟಿಕ್‌ನಲ್ಲಿ ಎಲ್, ಬಿ, 2 ಎಂಬ ಸ್ಥಾನಗಳೋ ಮ್ಯಾನುಯಲ್ ವಿಧಾನವೋ ಇರುವುದು ಇದಕ್ಕಾಗಿಯೇ. ಇಂಧನ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿಯುವುದು ಎರಡು ರೀತಿಯಲ್ಲಿ ಮೂರ್ಖತನ. ಎಂಜಿನ್ನಿನ ತಡೆ ಕೈತಪ್ಪುತ್ತದೆ. ಇಂದಿನ ಇಂಜೆಕ್ಷನ್ ಎಂಜಿನ್‌ಗಳು ಗೇರಿನಲ್ಲಿ ಇಳಿಯುವಾಗ ಇಂಧನವನ್ನೇ ನಿಲ್ಲಿಸುವುದರಿಂದ ಉಳಿತಾಯವೂ ಇಲ್ಲ. ವಿದ್ಯುತ್ ಕಾರಿನವರು ಬೆಟ್ಟದ ಮೇಲೆ ಬ್ಯಾಟರಿ ಪೂರ್ತಿ ತುಂಬಿಸಿ ಇಳಿಯಲು ಹೊರಟರೆ, ಮರಳಿ ಬರುವ ವಿದ್ಯುತ್ತಿಗೆ ಜಾಗವಿಲ್ಲದೆ ಹೊರೆಯೆಲ್ಲ ಸಾಮಾನ್ಯ ಬ್ರೇಕಿನ ಮೇಲೆ ಬೀಳಬಹುದು.

ಬ್ರೇಕನ್ನು ಹಗುರವಾಗಿ ಸದಾ ಒತ್ತಿಕೊಂಡಿರಬೇಕೇ, ಗಟ್ಟಿಯಾಗಿ ಒತ್ತಿ ಬಿಡಬೇಕೇ ಎಂಬ ಚರ್ಚೆಗೆ ಕೊನೆಯಿಲ್ಲ. ಒತ್ತಿ ಬಿಡುವುದು ಮೇಲು ಎಂದೇ ನಾನೂ ಹೇಳುತ್ತೇನೆ. ಪೆಡಲಿನ ಸ್ಥಿತಿ ಪ್ರತಿ ಬಾರಿ ಕಾಲಿಗೆ ತಿಳಿಯುತ್ತದೆ, ನಡುವೆ ಪ್ಯಾಡಿಗೆ ಉಸಿರಾಡಲು ಬಿಡುವು ಸಿಗುತ್ತದೆ. ಆದರೆ ಸರಾಸರಿ ವೇಗ ಒಂದೇ ಆದರೆ ಒಟ್ಟು ಬಿಸಿಯೂ ಹೆಚ್ಚು ಕಡಿಮೆ ಅಷ್ಟೇ. ನಿಜವಾದ ಲಾಭ ಇರುವುದು ಕೆಳಗಿನ ಗೇರಿನಲ್ಲಿ ಮತ್ತು ಕಡಿಮೆ ವೇಗದಲ್ಲಿ. ನಿಧಾನವಾಗಿ ಇಳಿದರೆ ಅದೇ ಬಿಸಿ ಹೊರಹೋಗಲು ಹೆಚ್ಚು ನಿಮಿಷಗಳು ಸಿಗುತ್ತವೆ.

ಈಗಲೇ ಬ್ರೇಕ್ ಸೋಲುತ್ತಿದ್ದರೆ

ಪೆಡಲ್ ಒಳಗೆ ಹೋದರೆ ಬೇಗ ಬೇಗ ಒತ್ತಿ ಬಿಡಿ, ಒತ್ತಡ ಸ್ವಲ್ಪವಾದರೂ ಕೂಡಿಬರಬಹುದು. ಒಂದೊಂದೇ ಗೇರ್ ಇಳಿಸಿ. ಹ್ಯಾಂಡ್ ಬ್ರೇಕನ್ನು ಗುಂಡಿ ಒತ್ತಿ ಹಿಡಿದು ಹಂತ ಹಂತವಾಗಿ ಎಳೆಯಿರಿ, ಒಮ್ಮೆಲೇ ಎಳೆದರೆ ಹಿಂದಿನ ಚಕ್ರ ಲಾಕ್ ಆಗಿ ಕಾರು ಅಡ್ಡ ತಿರುಗುತ್ತದೆ. ಸ್ವಿಚ್ ಇರುವ ಹ್ಯಾಂಡ್ ಬ್ರೇಕ್ ಆದರೆ ಹೆಚ್ಚಿನ ಕಾರುಗಳಲ್ಲಿ ಅದನ್ನು ಎಳೆದು ಹಿಡಿದೇ ಇದ್ದರೆ ವೇಗ ಇಳಿಯುತ್ತದೆ. ನಿಮ್ಮ ಕೈಪಿಡಿಯಲ್ಲಿ ಇದನ್ನು ಇಂದೇ ಓದಿಟ್ಟುಕೊಳ್ಳಿ. ಎಂಜಿನ್ ಆರಿಸಬೇಡಿ, ಬೂಸ್ಟರ್ ಮತ್ತು ಸ್ಟಿಯರಿಂಗಿನ ನೆರವು ಎರಡೂ ಹೋಗುತ್ತವೆ.

ನಿಂತ ಮೇಲೆ ಗೇರಿನಲ್ಲಿಟ್ಟು (ಆಟೊಮ್ಯಾಟಿಕ್ ಆದರೆ ಪಿ) ಚಕ್ರಕ್ಕೆ ಕಲ್ಲು ಕೊಡಿ. ಕಾದ ಡಿಸ್ಕಿಗೆ ನೀರು ಎರಚಬೇಡಿ, ಬಿರುಕು ಬಿಡಬಹುದು. ಸಾಧ್ಯವಾದರೆ ಹ್ಯಾಂಡ್ ಬ್ರೇಕನ್ನು ಸಡಿಲವಾಗಿಡಿ. ಚಕ್ರದ ಬಳಿ ಹಿಡಿದ ಕೈಗೆ ಝಳ ಬಾರದವರೆಗೆ ಕಾಯಿರಿ, ಅರ್ಧ ಗಂಟೆಗೂ ಮಿಕ್ಕಿ ಹಿಡಿಯಬಹುದು. ಪೆಡಲ್ ಮೊದಲಿನಂತೆ ಗಟ್ಟಿಯಾದರೂ ಎರಡನೇ ಗೇರಿನಲ್ಲಿ ಮಾತ್ರ ಕೆಳಗಿಳಿಯಿರಿ. ಮೆತ್ತಗೇ ಉಳಿದರೆ ಟೋ ಮಾಡಿಸಿ.

ದುರಸ್ತಿಯ ನಂತರ

ಪ್ಯಾಡ್, ಆಯಿಲ್, ಹೋಸ್ ಏನೇ ಬದಲಿಸಿದ್ದರೂ ತಣ್ಣಗಿನ ಪರೀಕ್ಷೆ ಸಾಲದು. ಹೊಸ ಪ್ಯಾಡ್ ಹಾಕಿದ್ದರೆ ಮೊದಲು ಪಳಗಿಸಿ, ಆರಲು ಬಿಡಿ. ನಂತರ ಹಿಂದೆ ಯಾರೂ ಇಲ್ಲದ ನೇರ ರಸ್ತೆಯಲ್ಲಿ 60ರಿಂದ 20ಕ್ಕೆ ಐದಾರು ಬಾರಿ ಬೆನ್ನು ಬೆನ್ನಿಗೆ ಇಳಿಸಿ, ಪೆಡಲ್ ಎಲ್ಲಿ ಕಚ್ಚುತ್ತದೆ ಎಂಬುದನ್ನು ಪ್ರತಿ ಬಾರಿ ಗಮನಿಸಿ. ಆಮೇಲೆ ಹತ್ತು ನಿಮಿಷ ನಿಲ್ಲಿಸಿ, ಹೊರಡುವ ಮೊದಲು ಮತ್ತೆ ಒತ್ತಿ. ಕಚ್ಚುವ ಜಾಗ ಮೊದಲ ಬಾರಿಯದೇ ಆಗಿದ್ದು, ಎಡ ಬಲ ಚಕ್ರಗಳ ಝಳ ಸಮನಾಗಿದ್ದರೆ ಕೆಲಸ ಸರಿಯಾಗಿದೆ. ಜಾಗ ಕೆಳಗಿಳಿದಿದ್ದರೆ ಕಾರನ್ನು ಹಾಗೆಯೇ, ಬಿಸಿ ಇರುವಾಗಲೇ, ಗ್ಯಾರೇಜಿಗೆ ಒಯ್ದು ಮೆಕ್ಯಾನಿಕ್ ಕಾಲಿಗೇ ತೋರಿಸಿ.